ಗಾಳಿಯಲ್ಲೊಂದು ಗುಂಡು

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದು ಕೇಪಿನ ಕೋವಿಯಿತ್ತು. ಬೆಳೆ ರಕ್ಷಣೆಗೆಂದು ಅಜ್ಜನ ಕಾಲದಲ್ಲಿ ಲೈಸೆನ್ಸ್ ಆದದ್ದು. ಸಾಗರ ಸೀಮೆಯ ಅಡಿಕೆ ತೋಟದ ಮನೆ, ಅದರಲ್ಲೂ ಈರುಳ್ಳಿಯನ್ನೇ ಅನುಮಾನದಿಂದ ನೋಡುವ ಮನೆ. ಹಾಗಾಗಿ ಆ ಕೋವಿಗೆ ಆಹುತಿಯಾದವರ ಪಟ್ಟಿ ಬಹಳ ಚಿಕ್ಕದು: ಒಂದು ಬಕ್ಕೆ ಹಲಸು, ಕೊಟ್ಟಿಗೆ ಮಾಡಿನ ಹತ್ತಾರು ಹೆಂಚು, ಮತ್ತು ಈಡು ಹೊಡೆಯುವಾಗ ಪಕ್ಕದಲ್ಲೇ ನಿಂತಿದ್ದ ಸಣ್ಣಜ್ಜನ ಎಡಗಿವಿ.

ಈಡು ತುಂಬುವುದೆಂದರೆ ಸತ್ಯನಾರಾಯಣ ಪೂಜೆಗೆ ಅಣಿ ಮಾಡಿದ ಹಾಗೆ. ಮಸಿ ಅಳೆದು ನಳಿಗೆಗೆ ಸುರಿಯಬೇಕು, ತೆಂಗಿನ ಕತ್ತ ತುರುಕಬೇಕು, ಸರಳಿನಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ಕತ್ತ, ಮತ್ತೆ ಜಡಿತ, ಕೊನೆಗೆ ಕುದುರೆ ಎತ್ತಿ ಕೇಪು ಕೂರಿಸಬೇಕು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಮಂಗಗಳು ಎಳೆ ಅಡಿಕೆ ಚೀಪಿ, ಬಾಳೆಗೊನೆ ಮುಗಿಸಿ, ಪಕ್ಕದ ತೋಟದ ಭಾವನ ಗಡಿ ದಾಟಿರುತ್ತಿದ್ದವು. ಅಪ್ಪಯ್ಯನಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ. ತುಂಬಿದ ಕೋವಿಯನ್ನು ಖಾಲಿ ಮಾಡಲೇಬೇಕಲ್ಲ ಎಂದು ಆಕಾಶಕ್ಕೊಂದು ಹೊಡೆಯುತ್ತಿದ್ದರು. ಇಲ್ಲಿ ಢಂ ಎಂದರೆ ಎದುರು ಗುಡ್ಡ ಇನ್ನೊಂದು ಢಂ ಎನ್ನುತ್ತಿತ್ತು. ಊರಿನವರೆಲ್ಲ ‘ಓ, ಹೆಗಡೇರು ಎದ್ದರು’ ಎಂದುಕೊಳ್ಳುತ್ತಿದ್ದರು. ಕೊನೆಕೊನೆಗೆ ಅಪ್ಪಯ್ಯ ಚರೆ ಹಾಕುವುದನ್ನೇ ಬಿಟ್ಟಿದ್ದರು. ಬರೀ ಮಸಿ, ಬರೀ ಸದ್ದು, ಬರೀ ಗೌರವ.

ಆ ಗೌರವಕ್ಕೆ ಕುತ್ತು ಬರುತ್ತಿದ್ದುದು ಚುನಾವಣೆಯಲ್ಲಿ. ನೀತಿಸಂಹಿತೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಸ್ಟೇಷನ್ನಿಗೆ ಹೋಗಿ ಕೂರಬೇಕು. ನಮ್ಮಲ್ಲಿ ಚುನಾವಣೆ ಬರುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ, ಅಡಿಕೆ ಮಿಡಿಗಟ್ಟುವುದೂ ಆಗಲೇ. 2023ರಲ್ಲಿ ಮಾರ್ಚ್ 29ಕ್ಕೆ ನೀತಿಸಂಹಿತೆ, ಮೇ 10ಕ್ಕೆ ಮತದಾನ. ನಡುವಿನ ಆರು ವಾರ ಮಂಗಗಳು ಯಾವ ಸಂಹಿತೆಗೂ ಒಳಪಡದೆ ಬಹಿರಂಗ ಪ್ರಚಾರ ನಡೆಸಿದವು. ಕೊಡಗಿನಲ್ಲಿರುವ ನನ್ನ ಸಹಪಾಠಿಯೊಬ್ಬ ಇದನ್ನು ಕೇಳಿ ನಕ್ಕಿದ್ದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದಲೇ ವಿನಾಯಿತಿ. ಅವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೇ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ನಮ್ಮಲ್ಲಿ ಹುಟ್ಟಿಗೂ ಸಾವಿಗೂ ಹೊಡೆಯುವುದು ಒಂದೇ, ತಾಲ್ಲೂಕು ಕಚೇರಿಗೆ ಓಡಾಟ.

ಆ ಮಳೆಗಾಲದಲ್ಲಿ ಅಪ್ಪಯ್ಯ ಹೋದರು. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಏನೇನು ಬೇಕೆಂದು ವಿಚಾರಿಸಿದೆ. ಹೇಳಿದವರು ಒಂದು ಹಾಳೆಯಲ್ಲಿ ಬರೆಯತೊಡಗಿ, ಹಾಳೆ ಮಗುಚಿ, ಹಿಂಬದಿಯಲ್ಲೂ ಮುಂದುವರಿಸಿದರು. ಎರಡನೇ ಹಾಳೆ ಕೈಗೆತ್ತಿಕೊಂಡಾಗ ನಾನು ಕೋವಿಯನ್ನು ಸ್ಟೇಷನ್ನಿಗೇ ಒಪ್ಪಿಸುವ ತೀರ್ಮಾನಕ್ಕೆ ಬಂದಿದ್ದೆ.

ಬದಲಿಗೆ ಮನೆಗೆ ಬಂದದ್ದು ಏರ್‌ಗನ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ತೂತು 4.5 ಮಿಲಿಮೀಟರ್ ದಾಟದೆ, ಗುಂಡಿನ ಶಕ್ತಿ 20 ಜೌಲ್ ಮೀರದೆ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಇಪ್ಪತ್ತು ಜೌಲ್ ಎಂದರೆ ಎಷ್ಟು ಎಂದು ಎಂಟನೇ ಕ್ಲಾಸಿನ ಮಗನನ್ನು ಕೇಳಿದೆ. ಅವನು ಲೆಕ್ಕ ಹಾಕಿ, “ಎರಡು ಕಿಲೋ ಬೆಲ್ಲದ ಡಬ್ಬಿಯನ್ನು ನೆಲದಿಂದ ಒಂದು ಮೀಟರ್ ಎತ್ತಿದಷ್ಟು ಅಪ್ಪಾ” ಎಂದ. ಹನ್ನೆರಡು ಬೋರಿನ ತೋಟಾ ಕೋವಿಯ ಶಕ್ತಿ ಎರಡು ಸಾವಿರ ಜೌಲ್ ದಾಟುತ್ತದೆ. ನಾನು ಕೊಂಡದ್ದರ ಶಕ್ತಿ ಇಪ್ಪತ್ತೂ ಇಲ್ಲ. ಅರ್ಧ ಬೆಲ್ಲ ಖರ್ಚಾದ ಡಬ್ಬಿ ಎನ್ನಿ. ಹೀಗೆಂದು ಅದನ್ನು ಆಟಿಕೆ ಎಂದುಕೊಳ್ಳುವಂತಿಲ್ಲ. ಅಷ್ಟೇ ಶಕ್ತಿ ಸೂಜಿಯಷ್ಟು ಜಾಗಕ್ಕೆ ಬಡಿದರೆ ಚರ್ಮ ಸೀಳುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಶಿವಮೊಗ್ಗದ ಅಂಗಡಿಯವರು ಇದನ್ನು ಮೂರು ಸಲ ಹೇಳಿ, ಆಧಾರ್ ಕಾರ್ಡಿನ ಪ್ರತಿ ಇಟ್ಟುಕೊಂಡು, ನಾಲ್ಕನೇ ಸಲ ಹೇಳಿ ಕಳಿಸಿದ್ದರು.

ಮನೆಗೆ ತಂದು ಜಗಲಿಯ ಮೇಲೆ ಬಿಚ್ಚಿದೆ. ನಳಿಗೆಯನ್ನು ಕಬ್ಬು ಮುರಿದ ಹಾಗೆ ಕೆಳಕ್ಕೆ ಮಡಚಿದರೆ ಒಳಗಿನ ಸ್ಪ್ರಿಂಗು ಬಿಗಿದು ಕೂರುತ್ತದೆ. ಆಗ ಕಾಣುವ ತೂತಿಗೆ ಡಮರುವಿನಂತೆ ಸೊಂಟ ಸಣ್ಣಗಿರುವ ಸೀಸದ ಗುಂಡನ್ನಿಟ್ಟು ನಳಿಗೆ ನೆಟ್ಟಗೆ ಮಾಡಬೇಕು. ಕುದುರೆ ಒತ್ತಿದರೆ ಸ್ಪ್ರಿಂಗು ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಗಾಳಿಯನ್ನು ಹಿಸುಕುತ್ತದೆ, ಗಾಳಿ ಗುಂಡನ್ನು ಉಗಿಯುತ್ತದೆ. ನನ್ನ ವಿವರಣೆಯನ್ನು ಅಮ್ಮ ಪೂರ್ತಿ ಕೇಳಿದಳು.

“ಇದು ಪೆಟ್ಲು ಅಲ್ವನಾ ಮಾಣಿ?”

ಹೌದು, ಪೆಟ್ಲೇ. ಬಿದಿರಿನ ಅಂಡೆಗೆ ಎರಡು ಜುಮ್ಮನ ಕಾಯಿ ತುರುಕಿ ಹಿಂದಿನಿಂದ ಕೋಲು ನೂಕಿದರೆ ನಡುವಿನ ಗಾಳಿ ಬಿಗಿದು ಮುಂದಿನ ಕಾಯಿ ಪಟ್ ಎಂದು ಹಾರುತ್ತಿತ್ತಲ್ಲ, ಚಿಕ್ಕಂದಿನಲ್ಲಿ ಊರಿನ ಎಲ್ಲರ ಬೆನ್ನಿಗೂ ಹೊಡೆದದ್ದು, ಅದೇ ತತ್ವ. ಬಿದಿರಿನ ಬದಲು ಉಕ್ಕು, ಕಾಯಿಯ ಬದಲು ಸೀಸ.

“ಪೆಟ್ಲಿಗೆ ಇಷ್ಟು ದುಡ್ಡು ಕೊಟ್ಯನಾ?” ಎಂದು ಅಮ್ಮ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಮಂಗಗಳು ಬಂದವು. ನಾನು ಅಪ್ಪಯ್ಯನ ಗತ್ತಿನಲ್ಲೇ ಹಿತ್ತಲಿಗೆ ಇಳಿದೆ. ಮಂಗಕ್ಕೆ ಹೊಡೆಯುವ ಪ್ರಶ್ನೆಯೇ ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಒಂದು ಕಡೆ, ‘ಹನುಮಂತಪ್ಪ’ ಎನ್ನುತ್ತಲೇ ಅದಕ್ಕೆ ಕಲ್ಲು ಬೀರುವ ಅಮ್ಮ ಇನ್ನೊಂದು ಕಡೆ. ಹೆದರಿಸಿದರೆ ಸಾಕೆಂದು ಧರೆಯ ಮಣ್ಣಿಗೆ ಗುರಿಯಿಟ್ಟು ಒತ್ತಿದೆ. ಪಟ್. ಹುರಿದ ಹಪ್ಪಳ ಮುರಿದ ಸದ್ದು. ಮರಿಗಳು ಕೂಡ ತಲೆಯೆತ್ತಲಿಲ್ಲ. ಗಡವವೊಂದು ಮಾತ್ರ ಪೇರಲೆ ಮರದಿಂದ ಎರಡು ಕೊಂಬೆ ಕೆಳಗಿಳಿದು, ಇವನ ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ ಎಂಬ ಮುಖ ಮಾಡಿ, ನನ್ನನ್ನು ದಿಟ್ಟಿಸಿ ನೋಡಿತು. ಎರಡನೇ ಗುಂಡಿಗೆ ಅದು ಪೇರಲೆ ಹಣ್ಣು ಕಿತ್ತು ತಿನ್ನುತ್ತಾ ಆರಾಮಾಗಿ ಕೂತಿತು. ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗ ಓಡಿಸಲು ತಮ್ಮ ನಾಯಿಗೆ ಹುಲಿಪಟ್ಟೆ ಬಳಿದದ್ದು 2019ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಆಗ ನಾನು ನಕ್ಕಿದ್ದೆ. ಈಗ ನಮ್ಮ ಕರಿಯನನ್ನು ಒಮ್ಮೆ ಅಳೆಯುವ ಕಣ್ಣಿನಿಂದ ನೋಡಿದೆ. ಅವನು ಎದ್ದು ಕೊಟ್ಟಿಗೆಗೆ ಹೋದ.

ಪಕ್ಕದ ತೋಟದ ಭಾವ ಬೇಲಿಯಾಚೆಯಿಂದಲೇ, “ಎಂತ ಮಾರಾಯ, ಒಗ್ಗರಣೆ ಹಾಕ್ತಾ ಇದ್ಯನಾ?” ಎಂದ. ಅವಮಾನ ತಡೆಯಲಾರದೆ ನಾನು ಚರಿತ್ರೆಯ ಮೊರೆಹೊಕ್ಕೆ. 1780ರ ಹೊತ್ತಿಗೇ ಆಸ್ಟ್ರಿಯಾದ ಸೈನ್ಯ ಗಿರಾರ್ಡೋನಿ ಎಂಬವನು ಮಾಡಿದ ಗಾಳಿ ಕೋವಿ ಹಿಡಿದಿತ್ತು, ಹೊಗೆಯಿಲ್ಲದೆ ಸಾಲಾಗಿ ಇಪ್ಪತ್ತು ಗುಂಡು ಹಾರಿಸುತ್ತಿತ್ತು, ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಕೂಡ ಒಂದು ಗಾಳಿ ಕೋವಿ ಒಯ್ದು ದಾರಿಯಲ್ಲಿ ಸಿಕ್ಕ ಬುಡಕಟ್ಟುಗಳವರಿಗೆಲ್ಲ ಹೊಡೆದು ತೋರಿಸಿದ್ದರು, ಎಂದೆಲ್ಲ ಹೇಳಿದೆ. ಆಸ್ಟ್ರಿಯಾದ ಆ ಕೋವಿಗೆ ಗಾಳಿ ತುಂಬಲು ಸುಮಾರು 1500 ಸಲ ಪಂಪು ಹೊಡೆಯಬೇಕಿತ್ತು ಎಂಬುದನ್ನು ಬಾಯಿತಪ್ಪಿ ಹೇಳಿಬಿಟ್ಟೆ. “ನಿನ್ನ ಅಪ್ಪಯ್ಯನ ಕೋವಿಗಿಂತ ನಿಧಾನ ಅಂತಾಯ್ತು” ಎಂದು ಭಾವ ಹೋದ.

ಮಂಗ ಹೋಗಲಿ, ಗುರಿಯನ್ನಾದರೂ ಕಲಿಯೋಣ ಎಂದು ಧರೆಗೆ ಆನಿಸಿ ಮರಳು ತುಂಬಿದ ಗೋಣಿಚೀಲಗಳನ್ನು ಪೇರಿಸಿದೆ. ಮನೆಯ ಹಿಂದೆ ಗುಡ್ಡ ಕಡಿದ ಧರೆಯಿರುವುದು ಮಲೆನಾಡಿನವರಿಗೆ ಸಿಕ್ಕ ವರ. ತಪ್ಪಿದ ಗುಂಡು ಮಣ್ಣು ಸೇರುತ್ತದೆ, ದಾರಿಹೋಕರನ್ನಲ್ಲ. ಚೀಲದ ಮುಂದೆ ತೆಂಗಿನ ಗೆರಟೆ ತೂಗುಬಿಟ್ಟು, ಹತ್ತು ಮೀಟರಿಗೆ ಗೆರೆ ಎಳೆದು ನಿಂತೆ. ಮೊದಲ ದಿನ ಹೊಡೆದ ಮೂವತ್ತರಲ್ಲಿ ಗೆರಟೆಗೆ ತಗುಲಿದ್ದು ಸೊನ್ನೆ. ಪಕ್ಕದಲ್ಲಿ ಹಾದುಹೋಗಿದ್ದ ಕರಿ ಪೈಪಿಗೆ ತಗುಲಿದ್ದು ಎರಡು. ಸಬ್ಸಿಡಿಗೆ ಅರ್ಜಿ ಹಾಕದೆಯೇ ನಮ್ಮ ಹಿತ್ತಲಲ್ಲಿ ಹನಿ ನೀರಾವರಿ ಶುರುವಾಯಿತು.

“ರೀ, ಬಟ್ಟೆ ಒಗೀಲಿಕ್ಕೆ ನೀರೇ ಬರ್ತಿಲ್ಲ” ಎಂದು ಹೆಂಡತಿ ಬಚ್ಚಲಿನಿಂದ ಕೂಗಿದಾಗ ನಾನು ಕೋವಿಯನ್ನು ಬಾಳೆಯ ಹಿಂದೆ ಮರೆಮಾಡಿ, ಮೋಟಾರಿನ ಮೇಲೆ ಅನುಮಾನ ವ್ಯಕ್ತಪಡಿಸಿದೆ.

ಸ್ಪ್ರಿಂಗಿನ ಕೋವಿಯ ಸ್ವಭಾವವೇ ವಿಚಿತ್ರ. ಸ್ಪ್ರಿಂಗು ಬಿಟ್ಟುಕೊಂಡಾಗ ಒಮ್ಮೆ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಹೋಗಿ ತಾಗಿದಾಗ ಮುಂದಕ್ಕೆ ಜಿಗಿಯುತ್ತದೆ. ಗುಂಡು ಇನ್ನೂ ನಳಿಗೆಯೊಳಗೇ ಇರುವಾಗ ಇಷ್ಟೆಲ್ಲ ನಡೆಯುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ಗುರಿ ಕೆಡುತ್ತದೆ. ಕೂಸನ್ನು ಎತ್ತಿಕೊಂಡ ಹಾಗೆ ಸಡಿಲವಾಗಿ, ಆದರೆ ಬೀಳದ ಹಾಗೆ ಹಿಡಿಯಬೇಕು. ಗುಂಡಿಡದೆ ಕುದುರೆ ಒತ್ತಲೂಬಾರದು. ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ಹೋಗಿ ಬಡಿದು ಕೋವಿಯೇ ಹಾಳಾಗುತ್ತದೆ. ಅಪ್ಪಯ್ಯನದು ಗುಂಡಿಲ್ಲದೆ ಸದ್ದು ಮಾಡುವ ಕೋವಿ, ನನ್ನದು ಗುಂಡಿಲ್ಲದೆ ಸದ್ದು ಮಾಡಿದರೆ ಸಾಯುವ ಕೋವಿ.

ಹತ್ತು ಮೀಟರ್ ಎಂದು ನಾನು ಗೆರೆ ಎಳೆದದ್ದು ಸುಮ್ಮನೆ ಅಲ್ಲ. ಒಲಿಂಪಿಕ್ಸಿನ ದೂರವೂ ಅಷ್ಟೇ. ಅಲ್ಲಿನ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಸಾಸಿವೆಗಿಂತ ಚಿಕ್ಕದು. ಗುಂಡೇ ಅದರ ಒಂಬತ್ತು ಪಟ್ಟು ಅಗಲ. 2008ರ ಆಗಸ್ಟಿನಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು ಈ ಚುಕ್ಕೆಯ ಮೇಲೆಯೇ, ಏರ್ ರೈಫಲಿನಿಂದಲೇ. ಆತ ಅಭ್ಯಾಸ ಮಾಡಿದ್ದು ಚಂಡೀಗಢದ ಬಳಿಯ ತಮ್ಮ ಮನೆಯಲ್ಲೇ ಕಟ್ಟಿಸಿಕೊಂಡ ರೇಂಜಿನಲ್ಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುವವರು ಇದನ್ನು ಗಮನಿಸಬೇಕು ಎಂದು ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಹೇಳಿದೆ. “ಅವರ ಹಿತ್ತಲಲ್ಲಿ ನೀರಿನ ಪೈಪು ಇರಲಿಲ್ಲ ಕಾಣ್ತದೆ” ಎಂದಳು ಹೆಂಡತಿ. ಅವಳಿಗೆ ಮೋಟಾರಿನ ಕಥೆ ಗೊತ್ತಾಗಿತ್ತು.

ಎರಡನೇ ವಾರ ಮಗ ನನಗಿಂತ ಚೆನ್ನಾಗಿ ಹೊಡೆಯತೊಡಗಿದ. ಹುಡುಗನ ಕಣ್ಣು ಗೆರಟೆಯಿಂದ ಸರಿದು ತಂತಿಯ ಮೇಲೆ ಕೂತ ಪಿಕಳಾರದ ಕಡೆ ಹೊರಳಿದ್ದನ್ನು ನಾನು ನೋಡಿದೆ. ಬೈಯದೆ ಸಲೀಂ ಅಲಿಯ ಕಥೆ ಹೇಳಿದೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಮಾವ ಕೊಡಿಸಿದ ಏರ್‌ಗನ್ನಿನಿಂದ ಆ ಹುಡುಗ ಗುಬ್ಬಿಯೊಂದನ್ನು ಕೆಡವಿದ. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದೆಂಥ ಹಕ್ಕಿ ಎಂದು ಕೇಳಲು ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದವನು ಮುಂದೆ ದೇಶಕ್ಕೆಲ್ಲ ಹಕ್ಕಿಗಳನ್ನು ನೋಡಲು ಕಲಿಸಿದ. ಆತ್ಮಕಥೆಗೂ ಆ ಗುಬ್ಬಿಯ ಹೆಸರನ್ನೇ ಇಟ್ಟ. ಮಗ ಯೋಚಿಸಿ, “ಹಾಗಾದ್ರೆ ನಾನೂ ಒಂದು ಹೊಡೆದು ಶುರು ಮಾಡಬೇಕಾ?” ಎಂದ. ದೃಷ್ಟಾಂತಗಳನ್ನು ಆರಿಸುವುದರಲ್ಲೂ ನನ್ನ ಗುರಿ ಅಷ್ಟಕ್ಕಷ್ಟೇ. ಅಮ್ಮ ಅಡುಗೆಮನೆಯಿಂದಲೇ, “ಹಕ್ಕಿ ಮುಟ್ಟಿದ್ರೆ ಪೆಟ್ಲು ಬಾವಿಗೆ” ಎಂದಳು. ಅದು ಅವನಿಗೆ ತಕ್ಷಣ ಅರ್ಥವಾಯಿತು.

ಬಾವಿಯ ಮಾತು ಬಂದ ಸಂಜೆಯೇ ಅಮ್ಮ ಹಿತ್ತಲಿಗೆ ಬಂದದ್ದು. ಎಪ್ಪತ್ನಾಲ್ಕು ವರ್ಷ. ಅದೇ ಚಳಿಗಾಲದಲ್ಲಿ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿ, ಹತ್ತಿರದ ಪಂಚಾಂಗ ಓದಲು ಕನ್ನಡಕ ಬೇಕಿದ್ದರೂ ದೂರದ್ದೆಲ್ಲ ಹೊಳೆಯುವಷ್ಟು ಸ್ಪಷ್ಟ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಮುಂದಿನ ಸ್ಟೂಲಿನ ಮೇಲೆ ಸುತ್ತಿದ ಕಂಬಳಿ ಇಡಿಸಿ, ಅದಕ್ಕೆ ಕೋವಿ ಆನಿಸಿದಳು. ನಳಿಗೆ ಮಡಚುವ ಶಕ್ತಿ ಇಲ್ಲದ್ದರಿಂದ ಮೊಮ್ಮಗ ಆ ಕೆಲಸ ಮಾಡಿದ. ಬಹಳ ಹೊತ್ತು ಏನೂ ಆಗಲಿಲ್ಲ. ನಿದ್ದೆ ಹೋದಳೇನೋ ಎಂದುಕೊಳ್ಳುವಾಗ ಪಟ್ ಎಂದಿತು, ಗೆರಟೆ ಟಕ್ ಎಂದು ತಿರುಗಿತು. ಮತ್ತೆ ಪಟ್, ಮತ್ತೆ ಟಕ್. ಐದರಲ್ಲಿ ನಾಲ್ಕು.

“ಹೇಗೆ ಹೊಡೆದೆ ಅಮ್ಮ?”

“ಸೂಜಿಗೆ ದಾರ ಪೋಣಿಸುವಾಗ ಯಾರಾದ್ರೂ ಉಸಿರು ಬಿಡ್ತಾರನಾ? ನೀನು ಎಮ್ಮೆ ಹಾಗೆ ಬುಸುಗುಟ್ತಾ ಹೊಡೀತೆ. ಮತ್ತೆ, ಕುದುರೆಯನ್ನು ಜಗ್ಗೂದಲ್ಲ. ಹಾಲು ಕರೆಯುವಾಗ ಕೆಚ್ಚಲು ಜಗ್ತಾರಾ? ಮೆತ್ತಗೆ ಒತ್ತಿ ಇಳಿಸೂದು.”

ಅಲ್ಲಿಂದ ಹಿತ್ತಲಿನ ಆಡಳಿತ ಅಮ್ಮನ ಕೈಸೇರಿತು. ಗೆರೆಯ ಹಿಂದೆ ನಿಲ್ಲದವರಿಗೆ ಬೈಗುಳ. ಸೀಸ ಮುಟ್ಟಿದ ಕೈ ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಇದಕ್ಕೆ ವೈದ್ಯಕೀಯ ಕಾರಣವೂ ಇದೆ ಎಂದು ನಾನು ಹೇಳಿದೆ. ಅವಳಿಗೆ ಮಡಿಯ ಕಾರಣವೇ ಸಾಕಾಗಿತ್ತು.

2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿಸಂಹಿತೆ ಬಂತು. ಮನೆತನದ ಹಳೆಯ ಅಭ್ಯಾಸ, ಕಾಲುಗಳು ತಾವೇ ಸ್ಟೇಷನ್ನಿನ ಕಡೆ ನಡೆದವು. ಕೇಳಿಕೊಂಡು ಬಂದರಾಯಿತೆಂದು ಏರ್‌ಗನ್ನನ್ನು ಗೋಣಿಯಲ್ಲಿ ಸುತ್ತಿ ಒಯ್ದೆ. ಜಗಲಿಯಲ್ಲಿ ಜೋಡು ನಳಿಗೆ, ಒಂಟಿ ನಳಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡ ಹಿರಿಯರ ಸಾಲಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ ಎಲ್ಲರದ್ದೂ. ನಾನು ಗೋಣಿ ಬಿಚ್ಚಿದಾಗ ಆ ಮುಖಗಳಲ್ಲಿ ಮೊದಲ ಸಲ ನಗು ಕಂಡಿತು. ಕಾನ್‌ಸ್ಟೇಬಲ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಲೈಸೆನ್ಸ್ ನಂಬರ್ ಇಲ್ಲದ್ದಕ್ಕೆ ಯಾವ ಬುಕ್ಕಲ್ಲಿ ರಸೀದಿ ಹರೀಲಿ ಸ್ವಾಮಿ? ಮನೆಗೆ ಒಯ್ಯಿರಿ” ಎಂದರು. ಕೊಡುವ ಮೊದಲು ಹೆಗಲಿಗೆ ಏರಿಸಿ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ತುಸು ತಗ್ಗಿದ ದನಿಯಲ್ಲಿ, “ಎಲ್ಲಿ ಹೊಡೀತೀರಿ ಇದನ್ನ?” ಎಂದು ಕೇಳಿದರು.

ಮುಂದಿನ ಭಾನುವಾರ ನಮ್ಮ ಹಿತ್ತಲಲ್ಲಿ ಕೋವಿ ಕಳೆದುಕೊಂಡ ಮೂವರು ಹಿರಿಯರಿದ್ದರು, ಒಗ್ಗರಣೆಯ ಭಾವನಿದ್ದ, ಬನಿಯನ್ ಲುಂಗಿಯಲ್ಲಿ ಗುರುತೇ ಸಿಗದ ಕಾನ್‌ಸ್ಟೇಬಲ್ ಇದ್ದರು. ಗಡವ ಪೇರಲೆ ಮರದಲ್ಲಿ ಎಂದಿನ ಜಾಗ ಹಿಡಿದಿತ್ತು. ಐವತ್ತು ವರ್ಷ ಕೋವಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು, ತಮ್ಮ ಜೀವಮಾನದಲ್ಲಿ ಹೊಡೆದದ್ದಕ್ಕಿಂತ ಹೆಚ್ಚು ಗುಂಡು ಅಂದು ಬೆಳಿಗ್ಗೆಯೇ ಹೊಡೆದೆ ಎಂದು ಒಪ್ಪಿಕೊಂಡರು. ಕಾನ್‌ಸ್ಟೇಬಲ್ ಐದು ಹೊಡೆದರು, ಐದೂ ಮರಳಿಗೆ. ಅಮ್ಮನಿಗೆ ನೋಡಿ ನೋಡಿ ತಡೆಯಲಾಗಲಿಲ್ಲ.

“ಜಗ್ಗಬೇಡಿ ಸಾಹೇಬ್ರೆ, ಮೆತ್ತಗೆ ಒತ್ತಿ. ಹಾಲು ಕರೆದು ಗೊತ್ತಿಲ್ವಾ?”

“ಇಲ್ಲ ಅಮ್ಮಾ,” ಎಂದರು ಅವರು, ಕೋವಿಯಿಂದ ಕೆನ್ನೆ ತೆಗೆಯದೆ. “ನಮ್ಮನೇಲಿ ಪ್ಯಾಕೆಟ್ ಹಾಲು.”