ಮೂರೂವರೆ ಇಂಚಿನ ಅರಮನೆ

ನನ್ನ ಅಂಗೈ ಮೇಲಿರುವ ಈ ಯಂತ್ರಕ್ಕೆ ಅಂಟಿರುವ ದೊಡ್ಡ ರೋಗವೆಂದರೆ ವೇಗ. ಎಡಕ್ಕೆ ನಾಲ್ಕು ದಿಕ್ಕಿನ ಗುಂಡಿ, ಬಲಕ್ಕೆ ಎ ಬಿ ಎಕ್ಸ್ ವೈ, ನಡುವೆ ಮೂರೂವರೆ ಇಂಚಿನ ಪರದೆ ಇರುವ ಚೀನಾ ಕನ್ಸೋಲು ಇದು. ಒಳಗಿನ ಚಿಪ್ಪು ಸೆಕೆಂಡಿಗೆ ನೂರು ಕೋಟಿ ಸಲಕ್ಕೂ ಮೀರಿ ಮಿಡಿಯುತ್ತದೆ. ನಾನು ಇದರಲ್ಲಿ ಆಡಬೇಕೆಂದಿರುವ ಆಟಗಳಾದರೋ ಡಾಸ್ ಕಾಲದವು. 1981ರಲ್ಲಿ ಐಬಿಎಂ ಹೊರತಂದ ಮೊದಲ ಪಿಸಿ ಸೆಕೆಂಡಿಗೆ 47 ಲಕ್ಷ ಚಿಲ್ಲರೆ ಸಲ ಮಿಡಿಯುತ್ತಿತ್ತು. ಆ ಕಾಲದಲ್ಲಿ ಆಟ ಬರೆದ ಎಷ್ಟೋ ಜನ ಅದೇ ಶಾಶ್ವತವೆಂದು ನಂಬಿ, ಗಡಿಯಾರ ನೋಡುವ ಗೋಜಿಗೆ ಹೋಗದೆ, ‘ಯಂತ್ರ ಓಡಿದಷ್ಟು ನೀನೂ ಓಡು’ ಎಂದು ಆಟಕ್ಕೆ ಅಪ್ಪಣೆ ಕೊಟ್ಟು ಕೈತೊಳೆದುಕೊಂಡರು. ಅಂಥದ್ದನ್ನು ಈಗಿನ ಚಿಪ್ಪಿನ ಮೇಲೆ ಸುಮ್ಮನೆ ಬಿಟ್ಟರೆ ಮುಗಿಯಿತು. ನಮ್ಮ ಹೆಬ್ಬೆರಳು ಇನ್ನೂ ಗುಂಡಿ ತಡಕುತ್ತಿರುವಾಗಲೇ ನಾಯಕ ಹುಟ್ಟಿ, ಓಡಿ, ಬಿದ್ದು, ಅವನ ಮೂರು ಜೀವಗಳ ತಿಥಿಯೂ ಆಗಿಹೋಗಿರುತ್ತದೆ.

ಹೀಗಾಗಿ ರಾತ್ರಿ ಊಟವಾದ ಮೇಲೆ ನನ್ನ ಮುಖ್ಯ ಉದ್ಯೋಗ, ದುಡ್ಡು ಕೊಟ್ಟು ತಂದ ವೇಗವನ್ನು ಕೂತು ಇಳಿಸುವುದು.

ಇದಕ್ಕೆ ನೆರವಾಗುವವನು ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್. 2002ರಿಂದ ಈ ಪುಣ್ಯದ ಕೆಲಸ ಮಾಡಿಕೊಂಡು ಬಂದಿದ್ದಾನೆ. ಅವನು ಒಳಗೊಂದು ಸುಳ್ಳು ಪಿಸಿ ಕಟ್ಟುತ್ತಾನೆ. ಸುಳ್ಳು ಪ್ರೊಸೆಸರ್, ಸುಳ್ಳು ವಿಜಿಎ ಕಾರ್ಡು, ಸುಳ್ಳು ಸೌಂಡ್ ಬ್ಲಾಸ್ಟರ್. ಇಂಟೆಲ್ ಚಿಪ್ಪಿಗೆಂದು ಬರೆದ ಒಂದೊಂದು ಆಜ್ಞೆಯನ್ನೂ ಈ ಎಆರ್‌ಎಂ ಚಿಪ್ಪಿಗೆ ತಿಳಿಯುವಂತೆ ತಿರುಗಿಸಿ ಹೇಳುತ್ತಾನೆ. ಆಟಕ್ಕೆ ತಾನು ಯಾವ ಶತಮಾನದಲ್ಲಿದ್ದೇನೆಂಬ ಸುಳಿವೂ ಸಿಗುವುದಿಲ್ಲ. ಮಿಲಿಸೆಕೆಂಡಿಗೆ ಎಷ್ಟು ಆಜ್ಞೆ ನಡೆಸಬೇಕೆಂದು ಹೇಳಲು ‘ಸೈಕಲ್ಸ್’ ಎಂಬ ಸೆಟ್ಟಿಂಗ್ ಇದೆ; ಹಳೇ ಬಗೆಯ ಆಟಗಳಿಗೆ ಮಾಮೂಲಿಯಾಗಿ 3000. ಒಂದೊಂದು ಆಟದ ನಾಡಿ ಹಿಡಿದು ಈ ಅಂಕಿಯನ್ನು ಏರಿಸಿ ಇಳಿಸಿ ಹದ ಕಾಣುವುದರಲ್ಲಿ ಒಂದು ಪಂಡಿತಿಕೆಯ ಸುಖವಿದೆ. ಆಟ ಆಡುವುದರಲ್ಲಿ ಅಷ್ಟು ಸುಖ ಇದೆಯೋ ಇಲ್ಲವೋ, ಅದನ್ನು ಕಂಡುಕೊಳ್ಳುವಷ್ಟು ಪುರುಸೊತ್ತು ನನಗಿನ್ನೂ ಸಿಕ್ಕಿಲ್ಲ.

ಹಿಂದೆ ವೇಗ ಇಳಿಸುವ ಈ ಕೆಲಸಕ್ಕೆ ಒಂದು ಗುಂಡಿ ಇತ್ತು. ತಿಪಟೂರಿನಲ್ಲಿ ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿದ್ದ ಕಂಪ್ಯೂಟರ್ ಸೆಂಟರಿಗೆ ಅಪ್ಪ ನನ್ನನ್ನು ಸೇರಿಸಿದಾಗ, ಅಲ್ಲಿದ್ದ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ‘ಟರ್ಬೊ’ ಎಂದು ಬರೆದ ಗುಂಡಿ ಇರುತ್ತಿತ್ತು. ಹೆಸರು ಕೇಳಿದರೆ ಒತ್ತಿದ ತಕ್ಷಣ ಯಂತ್ರ ಹಾರಿಬಿಡುತ್ತದೆ ಅನ್ನಿಸಬೇಕು. ಅದರ ಹುಟ್ಟಿಗೆ ಕಾರಣ ಮಾತ್ರ ತಲೆಕೆಳಗು. ಹಳೇ ಪ್ರೋಗ್ರಾಮುಗಳಿಗೆ ಅನುಕೂಲವಾಗಲೆಂದು ವೇಗದ ಯಂತ್ರವನ್ನು ಕುಗ್ಗಿಸಲು ಇಟ್ಟದ್ದು ಅದು. ಪಕ್ಕದಲ್ಲಿ ಕೆಂಪಗೆ 33 ಎಂದು ಹೊಳೆಯುವ ಅಂಕಿ. ಅದು ವೇಗವನ್ನು ಅಳೆದು ತೋರಿಸುವುದೆಂದು ನಾವೆಲ್ಲ ಭಕ್ತಿಯಿಂದ ನೋಡುತ್ತಿದ್ದೆವು. ಅಳೆಯುವುದು ಗಿಳಿಯುವುದು ಏನೂ ಇರಲಿಲ್ಲ. ಯಾವ ಅಂಕಿ ಬೆಳಗಬೇಕೆಂದು ಜೋಡಿಸಿದವನು ಹಿಂದುಗಡೆ ಜಂಪರ್ ಸಿಕ್ಕಿಸಿ ನಿರ್ಧರಿಸುತ್ತಿದ್ದ. ಅವನಿಗೆ ಮನಸ್ಸು ಬಂದಿದ್ದರೆ 99 ಎಂದೂ ಬೆಳಗುತ್ತಿತ್ತು.

ಸೆಂಟರಿಗೆ ಹೋಗುತ್ತಿದ್ದದ್ದು ವರ್ಡ್‌ಸ್ಟಾರು, ಲೋಟಸ್, ಬೇಸಿಕ್ ಕಲಿಯಲು. ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಿಕೊಂಡು, ಗರ್ಭಗುಡಿಗೆ ಹೊಕ್ಕಂತೆ ಏಸಿ ಕೋಣೆಗೆ ಹೊಗಬೇಕು. ಪಾಠ ಮುಗಿದು ಸರ್ ಕಾಫಿಗೆ ಇಳಿದದ್ದೇ ತಡ, ಯಾರೋ ಹಿರಿಯ ಹುಡುಗ ಜೇಬಿನಿಂದ ಫ್ಲಾಪಿ ತೆಗೆಯುತ್ತಿದ್ದ. ಡೇಂಜರಸ್ ಡೇವ್ ಬರುತ್ತಿತ್ತು, ಪ್ಯಾರಾಟ್ರೂಪರ್ ಬರುತ್ತಿತ್ತು. ಪ್ಯಾರಾಟ್ರೂಪರನ್ನು 1982ರಲ್ಲಿ ಬರೆದ ಗ್ರೆಗ್ ಕುಪರ್‌ಬರ್ಗ್ ಆಗಿನ್ನೂ ಹುಡುಗ. ಮುಂದೆ ಗಣಿತದ ಪ್ರೊಫೆಸರ್ ಆದ. ಆ ಆಟ ಆಡಿದ ನಮ್ಮಲ್ಲಿ ಯಾರೂ ಗಣಿತದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಇವೆಲ್ಲಕ್ಕೂ ದೊರೆ ಪ್ರಿನ್ಸ್ ಆಫ್ ಪರ್ಷಿಯಾ. ಬಿಳಿ ಬಟ್ಟೆಯ ರಾಜಕುಮಾರ ನೆಲಮಾಳಿಗೆಯಿಂದ ಹೊರಟು, ಹನ್ನೆರಡು ಹಂತ ದಾಟಿ, ವಜೀರ ಜಾಫರನನ್ನು ಕೊಂದು, ರಾಜಕುಮಾರಿಯನ್ನು ಬಿಡಿಸಬೇಕು. ಅವಧಿ ಅರವತ್ತು ನಿಮಿಷ. ಸತ್ತರೆ ಜೀವ ಮರಳಿ ಬರುತ್ತದೆ, ಕಳೆದ ನಿಮಿಷ ಬರುವುದಿಲ್ಲ. ನಮ್ಮೂರಿನ ಲೋಡ್ ಶೆಡ್ಡಿಂಗಿಗೆ ಜಾಫರನಿಗಿಂತ ಶಿಸ್ತಿತ್ತು. ರಾಜಕುಮಾರಿಯ ಕೋಣೆ ಇನ್ನೇನು ಸಿಕ್ಕಿತು ಎನ್ನುವಾಗ ಯುಪಿಎಸ್ ಕೂಗಲು ಶುರುಮಾಡುತ್ತಿತ್ತು, ಕೆಳಗಿನಿಂದ ಕೊಬ್ಬರಿಯ ಘಾಟಿನ ಜೊತೆ ಸರ್ ಕೂಡ ಮೇಲೇರಿ ಬರುತ್ತಿದ್ದರು.

ಈ ರಾಜಕುಮಾರನನ್ನು ಕನ್ಸೋಲಿಗೆ ಇಳಿಸಿದ ರಾತ್ರಿ ಮೊದಲು ಎದುರಾದದ್ದು ಸೆಟಪ್ ಪರದೆ. ಯಾವ ಸೌಂಡ್ ಕಾರ್ಡು? ಆಡ್‌ಲಿಬ್ಬೋ, ಸೌಂಡ್ ಬ್ಲಾಸ್ಟರೋ, ಪಿಸಿ ಸ್ಪೀಕರೋ? ಸೌಂಡ್ ಬ್ಲಾಸ್ಟರ್ ಅಂದೆ. ಒಳ್ಳೆಯ ಸಂಗೀತ ಬಂತು. ತುಂಬ ಒಳ್ಳೆಯ ಸಂಗೀತ. ನಾನು ಜನ್ಮದಲ್ಲಿ ಕೇಳಿರದ ಸಂಗೀತ. ತಿಪಟೂರಿನ ಸೆಂಟರಿನಲ್ಲಿ ಸೌಂಡ್ ಕಾರ್ಡು ಎಲ್ಲಿತ್ತು? ಕ್ಯಾಬಿನೆಟ್ಟಿನ ಹೊಟ್ಟೆಯಲ್ಲಿದ್ದ ಒಂದು ಪುಟ್ಟ ಸ್ಪೀಕರ್ ಕೀಂ, ಪೀಂ ಎಂದು ಮಾಡಿದ್ದನ್ನೇ ಪರ್ಷಿಯಾದ ಸಂಗೀತವೆಂದು ನಂಬಿ ಬೆಳೆದವರು ನಾವು. ಹೊಸ ಇಂಪು ಕೇಳುತ್ತ ಕೂತಷ್ಟೂ ಯಾರದೋ ಮನೆಯ ಮದುವೆಗೆ ಕರೆಯದೆ ಬಂದವನ ಸಂಕೋಚ ಹತ್ತಿತು. ಮತ್ತೆ ಸೆಟಪ್ಪಿಗೆ ಹೋಗಿ ಪಿಸಿ ಸ್ಪೀಕರ್ ಆರಿಸಿದೆ. ಕೀಂ ಪೀಂ ಬಂತು. ಪಕ್ಕದ ಕೋಣೆಯಿಂದ ಅಮ್ಮ, “ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆಯೇನೋ, ನೋಡೋ” ಅಂದರು. ಈಗ ಸರಿಯಾಯಿತು ಅನ್ನಿಸಿತು.

ಪರದೆಯದು ಬೇರೆ ಕತೆ. ಆ ಕಾಲದ ಆಟದ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆ. ಅದನ್ನು ನಾಲ್ಕಕ್ಕೆ ಮೂರರ ಅಳತೆಯ ಗಾಜಿನ ಮಾನಿಟರು ತುಸು ಮೇಲಕ್ಕೆಳೆದು ತುಂಬಿಸಿ ತೋರಿಸುತ್ತಿತ್ತು. ನನ್ನ ಕನ್ಸೋಲಿನ ಪರದೆ 640ಕ್ಕೆ 480. ಚುಕ್ಕೆಗಳನ್ನು ಸರಿಯಾಗಿ ಎರಡರಷ್ಟು ಮಾಡಿದರೆ 640ಕ್ಕೆ 400. ಮೇಲೂ ಕೆಳಗೂ ಕಪ್ಪು ಪಟ್ಟಿ ಉಳಿದು ರಾಜಕುಮಾರ ಕುಳ್ಳಗಾಗುತ್ತಾನೆ. ಪೂರ್ತಿ ಎಳೆದರೆ ಎತ್ತರವೇನೋ ಸರಿಹೋಗುತ್ತದೆ, ಆದರೆ ಒಂದು ಚುಕ್ಕೆ ದಪ್ಪ, ಪಕ್ಕದ್ದು ಸಣಕಲು. ಕುಳ್ಳಗಿದ್ದರೂ ಲಕ್ಷಣವಾಗಿರುವ ವರನೋ, ಎತ್ತರವಿದ್ದು ಮುಖದಲ್ಲಿ ಕಲೆ ಇರುವ ವರನೋ ಎಂಬ ಈ ಪ್ರಶ್ನೆಯನ್ನು ಎಷ್ಟು ರಾತ್ರಿ ಚಿಂತಿಸಿದೆನೋ ಲೆಕ್ಕವಿಲ್ಲ. ಕೊನೆಗೆ ಎತ್ತರ ಗೆದ್ದಿತು. ಆಮೇಲೆ ಹಳೇ ಮಾನಿಟರಿನ ಗೆರೆ, ಮಸುಕು, ಅಂಚಿನ ಬಾಗು ಇವನ್ನೆಲ್ಲ ಮತ್ತೆ ಹುಟ್ಟಿಸುವ ಶೇಡರುಗಳು ಸಿಗುತ್ತವೆಂದು ತಿಳಿದು ಅವನ್ನೂ ಹಾಕಿದೆ. ಸ್ಫಟಿಕದಂತಿದ್ದ ಪರದೆಯನ್ನು ಹೀಗೆ ಶ್ರಮಪಟ್ಟು ಕೆಡಿಸಿ ಮುಗಿಸಿದ ಮೇಲೆ ನನಗೆ ಏನೂ ಕಾಣದಾಯಿತು. ಶೇಡರಿನ ತಪ್ಪಲ್ಲ. ನನಗೆ ಚಾಳೀಸು ಬಂದಿತ್ತು.

ಗುಂಡಿಗಳ ವಿಷಯದಲ್ಲಿ ರಾಜಕುಮಾರ ನಿಜಕ್ಕೂ ಸಂಭಾವಿತ. ದಿಕ್ಕಿನ ಕೀಲಿಗಳ ಜೊತೆ ಒಂದು ಶಿಫ್ಟ್ ಸಿಕ್ಕರೆ ಸಾಕು. ಓಟ, ಜಿಗಿತ, ಕತ್ತಿಯ ಪೆಟ್ಟು ಎಲ್ಲ ಅಷ್ಟರಲ್ಲೇ. ಡೇವ್‌ಗೆ ಬಂದೂಕಿಗೊಂದು ಕಂಟ್ರೋಲ್, ಬೆನ್ನಿನ ಜೆಟ್ಟಿಗೊಂದು ಆಲ್ಟ್ ಬೇಕು, ಅದೂ ಹೊಂದುತ್ತದೆ. ಕಷ್ಟ ಶುರುವಾಗುವುದು ಸಿಯೆರಾದವರ ಕಿಂಗ್ಸ್ ಕ್ವೆಸ್ಟ್‌ನಂಥ ಆಟಗಳಲ್ಲಿ. 1984ರ ಈ ಆಟದಲ್ಲಿ ಬಾಗಿಲು ತೆರೆಯಬೇಕಾದರೆ ‘ಬಾಗಿಲು ತೆರೆ’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ಐಬಿಎಂನ ಮೊದಲ ಕೀಬೋರ್ಡಿನಲ್ಲಿ 83 ಕೀಲಿಗಳಿದ್ದವು, ಆಮೇಲಿನದರಲ್ಲಿ 101. ಆಟ ಬರೆದವರು ಅವನ್ನೆಲ್ಲ ಧಾರಾಳವಾಗಿ ಖರ್ಚು ಮಾಡಿದರು. ನಾನು ಬಳಸುವ ಡಾಸ್‌ಬಾಕ್ಸ್ ಪ್ಯೂರ್ ಎಂಬ ತಳಿಯಲ್ಲಿ ಇದಕ್ಕೆ ಪರಿಹಾರ ಇದೆ: ಪರದೆಯ ಮೇಲೆಯೇ ಒಂದು ಕೀಬೋರ್ಡು ಮೂಡಿಸಬಹುದು. ಮೂಡಿಸಲು ಎಡಗಡೆಯ ಜಾಯ್‌ಸ್ಟಿಕ್ಕನ್ನು ಒಳಕ್ಕೊತ್ತಬೇಕು. ನನ್ನ ಕನ್ಸೋಲಿನಲ್ಲಿ ಜಾಯ್‌ಸ್ಟಿಕ್ಕೇ ಇಲ್ಲ. ಆ ಕೆಲಸವನ್ನು ಬೇರೊಂದು ಗುಂಡಿಗೆ ವಹಿಸಬಹುದು, ಸರಿ. ಆದರೆ ಬಿಡುವಾಗಿದ್ದ ಗುಂಡಿಗಳನ್ನೆಲ್ಲ ಅಷ್ಟರಲ್ಲಿ ಒಂದೊಂದು ಕೆಲಸಕ್ಕೆ ಹಚ್ಚಿಯಾಗಿತ್ತು. ಯಾರ ಕೆಲಸ ಕಿತ್ತು ಯಾರಿಗೆ ಕೊಡುವುದು? ಸಂಪುಟ ರಚನೆಯ ಸಂಕಟ ಏನೆಂದು ಆವತ್ತು ತಿಳಿಯಿತು. ಕೊನೆಗೆ ಸ್ವಲ್ಪ ಬಂಡಾಯ ಎದ್ದರೂ ಸೆಲೆಕ್ಟ್ ಗುಂಡಿಗೆ ಎರಡು ಖಾತೆ ಕೊಟ್ಟು ಮುಗಿಸಿದೆ.

ಪ್ರಿನ್ಸ್‌ನಲ್ಲಿ ಹಂತಗಳನ್ನು ಹಾರಿಸಲು ಒಂದು ಕಳ್ಳದಾರಿ ಇತ್ತು. ಡಾಸ್ ಪ್ರಾಂಪ್ಟಿನಲ್ಲಿ ಪ್ರಿನ್ಸ್ ಎಂದು ಬರೆದು, ಮುಂದೆ ‘ಮೆಗಾಹಿಟ್’ ಎಂದು ಸೇರಿಸಬೇಕು. ಗಾಂಧಿನಗರದವರು ಯಾರೋ ಸೂಚಿಸಿದಂತಿರುವ ಈ ಮಂತ್ರ ನಮಗೆ ಹಿರಿಯ ಹುಡುಗರಿಂದ, ಸಮೋಸದ ದಕ್ಷಿಣೆಯ ಮೇಲೆ, ಉಪದೇಶವಾಗಿತ್ತು. ಮೊದಲ ಹಂತ ಮುಗಿದೊಡನೆ ಅಕ್ಷರ ಬರೆದ ಶೀಷೆಗಳ ಕೋಣೆಯೊಂದು ಬರುತ್ತದೆ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲಕ್ಷರ ಇರುವ ಶೀಷೆಯನ್ನೇ ಕುಡಿಯಬೇಕು. ಕಳ್ಳಪ್ರತಿ ತಡೆಯಲು ಕಂಪನಿ ಹೂಡಿದ ಉಪಾಯ. ನಮ್ಮ ಊರಿಗೆ ಕೈಪಿಡಿ ಎಂಬ ವಸ್ತು ಬಂದೇ ಇರಲಿಲ್ಲ. ಫ್ಲಾಪಿಯಿಂದ ಫ್ಲಾಪಿಗೆ ಸಂತತಿ ಬೆಳೆಸಿಕೊಂಡು ಬಂದ ಆಟಕ್ಕೆ ಮೂಲ ಯಾರು, ಗೋತ್ರ ಯಾವುದು ಎಂದು ಕೇಳುವವರೂ ಇರಲಿಲ್ಲ. ಸರಿಯಾದ ಅಕ್ಷರಗಳ ಪಟ್ಟಿ ಒಬ್ಬನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿತ್ತು. ಆ ನೋಟ್‌ಬುಕ್ಕಿಗಿದ್ದ ಬೇಡಿಕೆ ಅಕೌಂಟೆನ್ಸಿಗೆ ಎಂದೂ ಬರಲಿಲ್ಲ.

ರಜೆಗೆ ಬಂದ ಅಕ್ಕನ ಮಗ ಈ ಎಲ್ಲ ವೈಭವವನ್ನು ಒಂದು ಸಂಜೆ ನೋಡಿ, “ಮಾಮ, ಇದನ್ನ ಯೂಟ್ಯೂಬಲ್ಲಿ ಅರ್ಧ ಗಂಟೆಯೊಳಗೆ ಮುಗಿಸ್ತಾರೆ” ಅಂದ. ಎಮ್ಯುಲೇಟರಿನಲ್ಲಿ ಸೇವ್ ಸ್ಟೇಟ್ ಎಂಬ ಸೌಲಭ್ಯವಿದೆ. ಆಟ ಯಾವ ಕ್ಷಣದಲ್ಲಿದೆಯೋ ಅದೇ ಕ್ಷಣವನ್ನು ಹಿಡಿದಿಟ್ಟು, ಬೇಕೆಂದಾಗ ಅಲ್ಲಿಂದಲೇ ಎತ್ತಿಕೊಳ್ಳಬಹುದು. ಹುಡುಗ ಅದನ್ನು ಕಂಡುಹಿಡಿದು ಹೆಜ್ಜೆಗೊಂದು ಸಲ ಒತ್ತತೊಡಗಿದ. ಹೀಗೆ ಒತ್ತುತ್ತ ಒತ್ತುತ್ತ, ರಾಜಕುಮಾರ ಕಟ್ಟೆ ತಪ್ಪಿ ಶೂಲಗಳ ಕಡೆಗೆ ಬೀಳುತ್ತಿದ್ದಾಗಲೂ ಒಂದು ಸಲ ಒತ್ತಿದ. ಇದ್ದದ್ದೇ ಒಂದು ಸ್ಲಾಟು, ಹಿಂದಿನದು ಅಳಿಸಿಹೋಯಿತು. ಈಗ ಆಟ ತೆರೆದರೆ ರಾಜಕುಮಾರ ಗಾಳಿಯಲ್ಲಿರುತ್ತಾನೆ. ಬೀಳುತ್ತಾನೆ, ಸಾಯುತ್ತಾನೆ. ಮತ್ತೆ ತೆರೆದರೆ ಮತ್ತೆ ಗಾಳಿ. ತ್ರಿಶಂಕುವಿಗಾದರೂ ವಿಶ್ವಾಮಿತ್ರರು ಒಂದು ಸ್ವರ್ಗ ಕಟ್ಟಿಕೊಟ್ಟರು. ಇವನಿಗೆ ಅದೂ ಇಲ್ಲ. ಹುಡುಗನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಅಮ್ಮ, “ಪಾಪ, ಯಾರ ಮನೆ ಹುಡುಗನೋ” ಅಂದರು.

ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಅವನು ಮೆಕ್ನರ್ ಅವರ ಮನೆಯ ಹುಡುಗ. ಆಟ ಬರೆದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಜಿಗಿಸಿ, ಗೋಡೆ ಹಿಡಿದು ಹತ್ತಿಸಿ ವಿಡಿಯೊ ತೆಗೆದ. ಆ ಚಿತ್ರಗಳ ಗೆರೆಯನ್ನೇ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ. ರಾಜಕುಮಾರ ಅಷ್ಟು ಸಹಜವಾಗಿ ಓಡುವುದು, ಅಂಚಿನಲ್ಲಿ ಜೋಲಿ ತಪ್ಪುವುದು ಅದಕ್ಕೇ. ಕತ್ತಿವರಸೆ ಮಾತ್ರ ತಮ್ಮನದಲ್ಲ, 1938ರ ರಾಬಿನ್ ಹುಡ್ ಸಿನಿಮಾದ ಕೊನೆಯ ಕಾಳಗದಿಂದ ಎತ್ತಿದ್ದು. ಆಟ ಮೊದಲು ಬಂದದ್ದು 1989ರಲ್ಲಿ, ಆಪಲ್ ಟು ಎಂಬ ಕಂಪ್ಯೂಟರಿಗೆ. ಅದರ ಮೆಮೊರಿಯಲ್ಲಿ ರಾಜಕುಮಾರ ಕೂತ ಮೇಲೆ ಇನ್ನೊಬ್ಬ ದೊಡ್ಡ ವೈರಿಗೆ ಜಾಗ ಉಳಿಯಲಿಲ್ಲ. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದಿಷ್ಟು ಸರಿಸಿ, ಅದರ ಮೇಲೇ ಬಣ್ಣ ತಿರುಗುಮುರುಗು ಮಾಡಿ ನೆರಳಿನ ಮನುಷ್ಯನೊಬ್ಬನನ್ನು ಹುಟ್ಟಿಸಿದ. ನಾಲ್ಕನೆಯ ಹಂತದಲ್ಲಿ ಕನ್ನಡಿಯನ್ನು ಸೀಳಿಕೊಂಡು ಹಾರಿದಾಗ ಇನ್ನೊಂದು ಬದಿಯಿಂದ ಜಿಗಿದು ಓಡುತ್ತಾನಲ್ಲ, ಅವನೇ. ಕೊನೆಯಲ್ಲಿ ಅವನು ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ. ಅವನಿಗೆ ಒಂದು ಪೆಟ್ಟು ಕೊಟ್ಟರೆ ನಮ್ಮ ಜೀವವೇ ಒಂದು ಕಡಿಮೆಯಾಗುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಸುಮ್ಮನೆ ನಡೆದು ಹೋಗಿ ಅವನಲ್ಲಿ ಸೇರಿಕೊಳ್ಳಬೇಕು. ಸೆಂಟರಿನಲ್ಲಿ ಎಂಥೆಂಥ ಕಟ್ಟುಮಸ್ತಾದ ಹುಡುಗರು ಈ ಜಾಗದಲ್ಲಿ ತಮ್ಮನ್ನು ತಾವೇ ಕಡಿದುಕೊಂಡು ಸತ್ತರು! ಮೆಮೊರಿ ಸಾಲದೆ ಹುಟ್ಟಿದವನೇ ಆಟದ ತುಂಬ ನೆನಪಿನಲ್ಲಿ ಉಳಿಯುವವನು. ನನ್ನ ಕನ್ಸೋಲಿನ ಕಾರ್ಡಿನಲ್ಲಿ ಜಾಗಕ್ಕೆ ಬರವಿಲ್ಲ, ಅಂಗಡಿಯವರು ಕೇಳದೆಯೇ ತುಂಬಿ ಕಳಿಸಿದ ಸಾವಿರಾರು ಆಟಗಳಿವೆ, ಬಹುಪಾಲು ಕಳ್ಳಮಾಲು. ಅವುಗಳ ಹೆಸರು ಓದುವುದರಲ್ಲೇ ಬ್ಯಾಟರಿ ಮುಗಿಯುತ್ತದೆ.

ಅಮ್ಮನಿಗೆ ಇಷ್ಟವಾದದ್ದು ಎಂಟನೆಯ ಹಂತ. ಅಲ್ಲಿ ರಾಜಕುಮಾರ ಮುಚ್ಚಿದ ಬಾಗಿಲ ಹಿಂದೆ ಸಿಕ್ಕಿಬೀಳುತ್ತಾನೆ. ಏನು ಮಾಡಿದರೂ ದಾರಿಯಿಲ್ಲ. ಕಾದರೆ, ರಾಜಕುಮಾರಿ ಕಳಿಸಿದ ಬಿಳಿ ಇಲಿಯೊಂದು ಓಡಿ ಬಂದು ಗುಂಡಿ ತುಳಿದು ಬಾಗಿಲು ತೆರೆಸುತ್ತದೆ. ಹಳೇ ಸ್ಲಾಟಿನ ಆಸೆ ಬಿಟ್ಟು, ಮೊದಲಿನಿಂದ ಆಡಿಕೊಂಡು ಅಲ್ಲಿಯವರೆಗೆ ಬಂದಿದ್ದೆ. ಇಲಿ ಬಂದದ್ದು ನೋಡಿ ಅಮ್ಮ ಕೈಮುಗಿದರು. “ರಾಜಕುಮಾರಿಯಂತೆ! ಅದನ್ನ ಕಳಿಸಿದ್ದು ಯಾರು ಅಂತ ನಂಗೊತ್ತು ಬಿಡು” ಅಂದರು. ಆ ವಾರ ಮನೆಯಲ್ಲಿ ಸಂಕಷ್ಟಿಗೆ ಕಡುಬು ಮಾಡಿದರು. ಕಾರಣ ಕೇಳಲಿಲ್ಲ, ಎರಡು ಜಾಸ್ತಿ ತಿಂದೆ.

ಈಗ ನಾನು ರಾಜಕುಮಾರನಿಗೆ ತುಸು ವಿಶ್ರಾಂತಿ ಕೊಟ್ಟಿದ್ದೇನೆ. ಡಾಸ್‌ಬಾಕ್ಸ್ ಪ್ಯೂರ್‌ನಲ್ಲಿ ವಿಂಡೋಸ್ 98 ಕೂಡ ಹಾಕಬಹುದೆಂದು ತಿಳಿದಿದೆ. ಈ ಪುಟ್ಟ ಚಿಪ್ಪಿಗೆ ಅದು ಹೊರಲಾರದ ಹೊರೆ ಎಂದೂ ತಿಳಿದಿದೆ. ಎರಡನ್ನೂ ತಿಳಿದೇ ಶುರುಮಾಡಿದೆ. ಇಷ್ಟು ದಿನ ವೇಗ ಇಳಿಸಲು ಒದ್ದಾಡಿದವನಿಗೆ ಈಗ ವೇಗ ಸಾಲುತ್ತಿಲ್ಲ. ಅಕ್ಕ ಫೋನಿನಲ್ಲಿ ವಿಚಾರಿಸಿದಳು.

“ಅದನ್ನ ಹಾಕಿ ಏನೋ ಮಾಡ್ತೀಯ?”

“ಸಾಲಿಟೇರ್ ಆಡ್ತೀನಿ.”

“ಇಸ್ಪೀಟು ತಾನೆ? ಅಪ್ಪನ ಬೀರುವಿನಲ್ಲಿ ಎರಡು ಕಟ್ಟು ಹಾಗೇ ಬಿದ್ದಿದೆಯಲ್ಲೋ.”

ಅಕ್ಕನಿಗೆ ಎಮ್ಯುಲೇಶನ್ ಅರ್ಥವಾಗುವುದಿಲ್ಲ. ಚಾರ್ಜರ್ ಸಿಕ್ಕಿಸಿ ಮೇಜಿನ ಮೇಲಿಟ್ಟಿದ್ದೇನೆ. ಸೆಟಪ್ ಮುಗಿಯಲು ಇನ್ನು 39 ನಿಮಿಷ ಎಂದು ತೋರಿಸುತ್ತಿದೆ. ನಿನ್ನೆ ರಾತ್ರಿ ಮಲಗುವಾಗಲೂ ಅಷ್ಟೇ ತೋರಿಸುತ್ತಿತ್ತು.