ಸರಿ ಉತ್ತರಕ್ಕೆ ಮೇಲೇರುವ ಕುರ್ಚಿ

ನಿಮ್ಮ ಮಗಳು ರಾತ್ರಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕಾಲೇಜಿನ ಆನ್‌ಲೈನ್ ಪಾಠಗಳ ತಾಣ ಮೂಡಲ್‌ಗೆ ಅಸೈನ್‌ಮೆಂಟ್ ಹಾಕ್ತಾಳೆ ಅಂತ ಮೊನ್ನೆ ಹೇಳಿದ್ರಲ್ಲ, ಆಗಿನಿಂದ ನನಗೆ ಸ್ಲೂಡಲ್‌ನ ಕುರ್ಚಿಯದೇ ನೆನಪು. ಸೆಕೆಂಡ್ ಲೈಫ್ ಅನ್ನೋ ಕಂಪ್ಯೂಟರಿನೊಳಗಿನ ಮಾಯಾಲೋಕಕ್ಕೂ ಮೂಡಲ್‌ಗೂ 2006ರ ಹೊತ್ತಿಗೆ ಗಂಟು ಹಾಕಿದ್ರಲ್ಲ, ಕ್ಯಾಲಿಫೋರ್ನಿಯಾದ ಜೆರೆಮಿ ಕೆಂಪ್, ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಪಾಠ ಹೇಳ್ತಿದ್ದ ಡೇನಿಯಲ್ ಲಿವಿಂಗ್‌ಸ್ಟನ್ ಇಬ್ಬರೂ ಸೇರಿ, ಅದೇ.

ಆ ಕುರ್ಚಿಯಲ್ಲಿ ವಿದ್ಯಾರ್ಥಿಯ ಅವತಾರ, ಅಂದರೆ ಆ ಲೋಕದಲ್ಲಿ ಅವರ ಪರವಾಗಿ ಓಡಾಡೋ ಬೊಂಬೆ, ಕೂತರೆ ಸಾಕು, ಮೇಷ್ಟ್ರು ಮೂಡಲ್‌ನಲ್ಲಿ ಬರೆದಿಟ್ಟ ಪ್ರಶ್ನೆಗಳು ಒಂದೊಂದಾಗಿ ಬರುತ್ತಿದ್ದವು. ಸರಿ ಉತ್ತರ ಕೊಟ್ಟರೆ ಕುರ್ಚಿ ಮೇಲೇರುತ್ತಿತ್ತು, ತಪ್ಪಾದರೆ ಕೆಳಗಿಳಿಯುತ್ತಿತ್ತು. ಅಂಕಗಳು ಸೀದಾ ಮೂಡಲ್‌ನ ಪಟ್ಟಿಗೆ. ನಮ್ಮ ಕಾಲದಲ್ಲಿ ಎಲ್ಲಾ ಉಲ್ಟಾ ಇತ್ತು, ಅಲ್ವಾ? ಹದಿನೇಳರ ಮಗ್ಗಿ ತಪ್ಪಿದವರೇ ಬೆಂಚು ಹತ್ತಬೇಕು. ನಮ್ಮ ತರಗತಿಯಲ್ಲೊಬ್ಬ ಉದ್ದನೆಯ ಹುಡುಗ, ಬೆಂಚು ಹತ್ತಿದರೆ ತಲೆ ಹೆಂಚಿನ ಮಾಡಿನ ತೊಲೆಗೆ ತಾಗೋದು. ಪಾಪ, ಪೀರಿಯಡ್ಡು ಮುಗಿಯೋವರೆಗೂ ಕತ್ತು ಬಗ್ಗಿಸಿಕೊಂಡೇ ನಿಂತಿರ್ತಿದ್ದ. ಅವನು ಈ ಕುರ್ಚಿ ನೋಡಿದ್ದರೆ ಎಷ್ಟು ಖುಷಿಪಡ್ತಿದ್ದನೋ!

ಮೂಡಲ್ ಅಂದ ಕೂಡಲೇ ನಮ್ಮ ಕಿವಿಗೆ ಮೂಡಣ ದಿಕ್ಕೇ ಕೇಳಿಸುತ್ತೆ. ಅದು ಹುಟ್ಟಿದ್ದು ಮಾತ್ರ ಆಸ್ಟ್ರೇಲಿಯಾದ ಪಡುವಣ ಕರಾವಳಿಯ ಪರ್ತ್‌ನಲ್ಲಿ! ಅದನ್ನು ಕಟ್ಟಿದ ಮಾರ್ಟಿನ್ ಡೂಗಿಯಾಮಾಸ್ ಮರುಭೂಮಿಯಲ್ಲಿ ಬೆಳೆದವರು, ಚಿಕ್ಕಂದಿನಲ್ಲಿ ಪಾಠ ಕೇಳಿದ್ದು ರೇಡಿಯೋದಲ್ಲಿ. ದೂರದ ಮಗುವಿಗೂ ಪಾಠ ಮುಟ್ಟಬೇಕು ಅನ್ನೋ ಹಂಬಲ ಅಲ್ಲೇ ಬೇರೂರಿತೇನೋ.

ಕುರ್ಚಿ ಬಿಟ್ಟು ಎಲ್ಲಿಗೋ ಹೋದೆ, ನೋಡಿ. ಸ್ಲೂಡಲ್‌ನಲ್ಲಿ ವೆಬ್‌ಇಂಟರ್‌ಕಾಮ್ ಅಂತ ಇನ್ನೊಂದಿತ್ತು. ಸೆಕೆಂಡ್ ಲೈಫ್‌ನೊಳಗಿನ ಕಾಲೇಜಿನ ದ್ವೀಪದಲ್ಲಿ ಅವತಾರಗಳು ಟೈಪ್ ಮಾಡಿದ ಮಾತು ಮೂಡಲ್‌ನ ಚಾಟ್‌ಗೆ ಬರೋದು, ಇಲ್ಲಿಯದು ಅಲ್ಲಿಗೆ ಹೋಗೋದು. ಸೆಕೆಂಡ್ ಲೈಫ್ ಓಡಬೇಕಾದರೆ ಒಳ್ಳೇ ಗ್ರಾಫಿಕ್ಸ್ ಕಾರ್ಡು, ಜೋರಾದ ಇಂಟರ್ನೆಟ್ಟು ಬೇಕೇ ಬೇಕು. ಆದರೆ ಇದರಿಂದಾಗಿ ಹಳೇ ಕಂಪ್ಯೂಟರಿನ ಹುಡುಗಿಯೂ ಬ್ರೌಸರ್‌ನಲ್ಲೇ ಕೂತು ಆ ಮಾತಿಗೆ ಸೇರಬಹುದಿತ್ತು. ನನ್ನ ಕೇಳಿದರೆ ಕುರ್ಚಿಗಿಂತ ದೊಡ್ಡ ಕೆಲಸ ಇದೇ.

ಆಮೇಲೆ 2011ರಲ್ಲಿ ಸೆಕೆಂಡ್ ಲೈಫ್ ನಡೆಸುವ ಲಿಂಡೆನ್ ಲ್ಯಾಬ್‌ನವರು ಶಾಲೆ ಕಾಲೇಜುಗಳಿಗೆ ಕೊಡ್ತಿದ್ದ ಅರ್ಧ ಬೆಲೆಯ ರಿಯಾಯಿತಿ ನಿಲ್ಲಿಸಿದರು. ಎಷ್ಟೋ ಮೇಷ್ಟ್ರುಗಳು ಗಂಟುಮೂಟೆ ಕಟ್ಟಿಕೊಂಡು ಅದೇ ಥರದ ಓಪನ್‌ಸಿಮ್ ಅನ್ನೋ ಲೋಕಕ್ಕೆ ಹೊರಟರು. ದ್ವೀಪದ ಕಟ್ಟಡ ಹೋದರೂ ಮಕ್ಕಳ ಅಂಕ, ಆಡಿದ ಮಾತು ಕಾಲೇಜಿನದೇ ಮೂಡಲ್‌ನಲ್ಲಿ ಭದ್ರ. ಗಂಟು ಹಾಕಿದ್ದರ ಲಾಭ ಅದು.

ನಿಮ್ಮ ಮಗಳ ಕಾಲೇಜಿಗೂ ವಿಆರ್ ಕನ್ನಡಕ ತರಿಸ್ತಾರಂತೆ ಅಂದ್ರಲ್ಲ? ಒಳಗೆ ಮಾಡಿದ ಪ್ರಯೋಗದ ಅಂಕ ಮೂಡಲ್‌ಗೆ ಬರುತ್ತಾ ಅಂತ ಮೊದಲು ಕೇಳೋಕೆ ಹೇಳಿ ಅವಳಿಗೆ.