ತಗಡೂರು ಸೀಮೆಯಲ್ಲಿ ಹದಿಹರೆಯದ ಫ್ಯಾಂಟಸಿ ಮಾಲಿಕೆ: ಒಂದು ಲಕ್ಷಣಗ್ರಂಥದ ಪೀಠಿಕೆ

ಹದಿಹರೆಯದವರಿಗೆಂದು ಫ್ಯಾಂಟಸಿ ಕಾದಂಬರಿಗಳ ಮಾಲಿಕೆ ಬರೆಯುವುದು ಒಂದು ಶಾಸ್ತ್ರ. ಆ ಶಾಸ್ತ್ರಕ್ಕೆ ಕನ್ನಡದಲ್ಲಿ ಲಕ್ಷಣಗ್ರಂಥವಿಲ್ಲದಿರುವುದು ನಾಡಿಗೆ ಅಂಟಿದ ಕಳಂಕ. ಕವಿರಾಜಮಾರ್ಗ ಕಾವ್ಯದ ಗುಣದೋಷಗಳನ್ನೆಲ್ಲ ಬಿಡಿಸಿ ಹೇಳಿತು. ಹದಿನೈದರ ಹುಡುಗನ ಕೈಗೆ ಮಂತ್ರದಂಡ ಎಷ್ಟನೆಯ ಅಧ್ಯಾಯದಲ್ಲಿ ಬರಬೇಕು ಎಂಬ ಮುಖ್ಯ ವಿಷಯವನ್ನೇ ಬಿಟ್ಟಿತು. ಈ ಲೋಪವನ್ನು ಸರಿಪಡಿಸುವ ಹೊಣೆ ಸುಮಾರು ಹನ್ನೆರಡು ಶತಮಾನಗಳ ನಂತರ ಪ್ರಸ್ತುತ ಸಂಶೋಧಕನ ಹೆಗಲೇರಿದೆ. ಯಾರೂ ಏರಿಸಿದ್ದಲ್ಲ, ತಾನಾಗಿಯೇ ಏರಿದೆ.

ಅಧ್ಯಯನದ ಕ್ಷೇತ್ರ ನಂಜನಗೂಡು ತಾಲ್ಲೂಕಿನ ತಗಡೂರು ಮತ್ತು ಅದರ ಸುತ್ತಿನ ಸೀಮೆ. ತಗಡೂರೇ ಏಕೆ ಎಂದು ಮಾರ್ಗದರ್ಶಕರು ಕೇಳಿದರು. ತಗಡೂರು ರಾಮಚಂದ್ರರಾಯರಂಥ ಗಾಂಧೀವಾದಿಯಿಂದ ಹೆಸರಾದ ಊರು, ಖಾದಿಯ ನೂಲೆಳೆದ ಊರು, ಕತೆಯನ್ನೂ ಹಾಗೇ ಎಳೆದೀತು ಎಂಬ ಊಹೆಯನ್ನು ಮುಂದಿಟ್ಟೆವು. ಅವರು ಒಪ್ಪಲಿಲ್ಲ, ಆದರೆ ಸಹಿ ಹಾಕಿದರು. ಸಂಶೋಧನೆಗೆ ಎರಡನೆಯದು ಸಾಕು.

ಶಾಸ್ತ್ರದ ಮೊದಲ ವಿಧಿ ನಕಾಶೆ. ಪುಸ್ತಕ ತೆರೆದೊಡನೆ ಎಲ್ಲೂ ಇಲ್ಲದ ನಾಡೊಂದರ ನಕಾಶೆ ಇರಬೇಕು, ಅದರ ಹೆಸರುಗಳನ್ನು ಉಚ್ಚರಿಸುವಾಗ ನಾಲಿಗೆ ಉಳುಕಬೇಕು. ನಾವೂ ಅಂಥ ಹಲವು ಹೆಸರುಗಳನ್ನು ಹೊಸೆದೆವು. ಮರಳಿನಲ್ಲಿ ಮುಳುಗಿದ ರಾಜಧಾನಿ, ತಳವಿಲ್ಲದ ಮಡು, ಎರಡು ನದಿಗಳ ಜೊತೆ ಕಣ್ಣಿಗೆ ಕಾಣದ ಮೂರನೆಯ ಜಲ ಸೇರುವ ಜಾಗ, ಇವಿಷ್ಟನ್ನೂ ಕಲ್ಪಿಸಿ ಬೀಗುತ್ತಿರುವಾಗ ಹೊರಗೆ ತಿ. ನರಸೀಪುರದ ಬಸ್ಸು ಹಾರ್ನ್ ಹೊಡೆಯಿತು. ಆ ಬಸ್ಸು ಇಳಿಸುವ ಊರಿನಲ್ಲೇ ಕಾವೇರಿ, ಕಪಿಲೆಯರ ಜೊತೆಗೆ ಗುಪ್ತವಾಗಿ ಸ್ಫಟಿಕ ಸರೋವರ ಸೇರುತ್ತದೆಂದು ಜನ ನಂಬಿ ಮುಳುಗು ಹಾಕುತ್ತಾರೆ. ಅದೇ ತಾಲ್ಲೂಕಿನಲ್ಲಿ ಮರಳಲ್ಲಿ ಹೂತ ತಲಕಾಡಿದೆ, ಮಡುವಿನ ಮಾಲಂಗಿಯಿದೆ. ಕಲ್ಪನೆ ಎಂದು ನಾವು ಬರೆದದ್ದೆಲ್ಲ ಕಂದಾಯ ಇಲಾಖೆಯ ದಾಖಲೆಯಲ್ಲಿತ್ತು.

ಶಾಪದ ವಿಷಯದಲ್ಲಂತೂ ವಿದೇಶಿ ಲೇಖಕರು ಅಲಮೇಲಮ್ಮನ ಮುಂದೆ ಅಕ್ಷರಾಭ್ಯಾಸಕ್ಕೆ ಕೂರಬೇಕು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾಯಿತು. ಅಲ್ಲಿ ಆಳುತ್ತಿದ್ದವನ ಮಡದಿ ಅಲಮೇಲಮ್ಮ ತನ್ನ ಒಡವೆಗಾಗಿ ಬೆನ್ನಟ್ಟಿದವರಿಗೆ ಕೊಟ್ಟಳೆನ್ನುವ ಶಾಪದಲ್ಲಿ ಮೂರು ಕಲಮು: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ. ನೋಂದಣಿ ಕಚೇರಿಯ ಪತ್ರಬರಹಗಾರನೂ ಇಷ್ಟು ಬಿಗಿಯಾಗಿ ಬರೆಯಲಾರ. ಇನ್ನು ಮುಂದಿನ ಭಾಗಕ್ಕೆ ಓದುಗರನ್ನು ಕಾಯಿಸುವ ಕಲೆ. ತಲಕಾಡಿನ ಪಂಚಲಿಂಗ ದರ್ಶನ ನಡೆದದ್ದು 2009, 2013, 2020ರಲ್ಲಿ. ಕಾರ್ತಿಕ ಸೋಮವಾರಕ್ಕೆ ನಕ್ಷತ್ರ ಕೂಡಿಬರಬೇಕು, ಅಲ್ಲಿಯವರೆಗೆ ತೆಪ್ಪಗಿರಬೇಕು. ಕಾದಂಬರಿಯ ಕೊನೆಯ ಭಾಗವನ್ನು ವರ್ಷಗಟ್ಟಲೆ ಮುಂದೂಡುವ ಲೇಖಕರು ಹೇಳುವ ಯಾವ ನೆಪವೂ ಇಷ್ಟು ಗೌರವಯುತವಾಗಿಲ್ಲ.

ಎರಡನೆಯ ವಿಧಿ ನಾಯಕ ಮತ್ತು ಗುರು. ನಮ್ಮ ಇಡೀ ಪ್ರಬಂಧ ಎಡವಿ ಬಿದ್ದದ್ದು ಇಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರೋಣ. 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಬಂದ ಹ್ಯಾರಿ ಪಾಟರ್ ಕತೆ ಜಗತ್ತಿಗೆ ಸ್ಥಾಪಿಸಿಕೊಟ್ಟ ಮಾದರಿಯಂತೆ ಹುಡುಗ ಅನಾಥನಾಗಿರಬೇಕು, ಗೂಬೆ ಕಾಗದ ತರಬೇಕು, ಗುರುವಿಗೆ ಬೆಳ್ಳಿಯ ಗಡ್ಡವಿರಬೇಕು. ಈ ಸೀಮೆಯ ನೀಲಗಾರರು ತಂಬೂರಿ ಮೀಟುತ್ತ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಈ ಮೂರೂ ತಲೆಕೆಳಗು. ಹುಡುಗ ಕೆಂಪಾಚಾರಿ ನಿಡಘಟ್ಟದ ಆಚಾರಿ ಮನೆಯವನು. ಅಪ್ಪ ಅವ್ವ ಇಬ್ಬರೂ ಇದ್ದಾರೆ. ಕಾಗದ ಗೀಗದ ಎಂಥದೂ ಇಲ್ಲ. ಗುರು ಮಂಟೇಸ್ವಾಮಿಯೇ ಬಾಗಿಲಿಗೆ ಬಂದು ಮಗನನ್ನೇ ಭಿಕ್ಷೆ ಬೇಡುತ್ತಾನೆ. ಇನ್ನು ಗುರುವಿನ ವೇಷವೋ! ಶರಣರ ಕಲ್ಯಾಣಕ್ಕೆ ಹೋದಾಗ ಆತ ಕುಷ್ಠರೋಗಿಯಾಗಿ, ಹೆಂಡದ ಗಡಿಗೆ ಹೊತ್ತು, ಊರಿಗೂರೇ ಮೂಗು ಮುಚ್ಚುವ ಹಾಗೆ ಹೋಗಿ ನಿಂತ. 1 ಲಕ್ಷದ 96 ಸಾವಿರ ಜಂಗಮರಲ್ಲಿ ಯಾರು ನಿಜವಾದವರೆಂದು ನೋಡುವ ಉದ್ದೇಶ. ಮುಖಪುಟಕ್ಕೆ ಚಿತ್ರ ಬರೆಯಬೇಕಾದ ಕಲಾವಿದರು ಇದನ್ನು ಕೇಳಿ ಮುಂಗಡ ವಾಪಸು ಮಾಡಿದರು.

ಅದೇ ಕೆಂಪಾಚಾರಿ ಸಿದ್ದಪ್ಪಾಜಿಯಾಗುತ್ತಾನೆ. ಅವನ ಸಾಹಸಯಾತ್ರೆಯ ಗುರಿ ಮಾಯದ ಉಂಗುರವಲ್ಲ, ಅಮೃತವಲ್ಲ. ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ. ಕುಲುಮೆ ಉರಿಯುವ ಊರಿನಲ್ಲಿ ನಿಂತು ಅವರು ಕಬ್ಬಿಣವೇ ಇಲ್ಲ ಎನ್ನುತ್ತಾರೆ. ಆಮೇಲೆ ವಿಷ, ಆಮೇಲೆ ಪರೀಕ್ಷೆಯ ಮೇಲೆ ಪರೀಕ್ಷೆ. ತನ್ನದೇ ಮನೆಯ ಕುಲಕಸುಬಿನವರ ಎದುರೇ ಹುಡುಗ ಕೈಚಾಚಿ ನಿಲ್ಲುವ ಈ ಸನ್ನಿವೇಶವನ್ನು ಯಾವ ಕಥನಶಾಲೆಯಲ್ಲೂ ಹೇಳಿಕೊಟ್ಟದ್ದು ನಾವು ಕಂಡಿಲ್ಲ. ಖಳರು ಬೇರೆ ಲೋಕದಿಂದ ಬಂದಿಲ್ಲ, ಸ್ವಂತ ನೆಂಟರು. (ಇದು ವೈಯಕ್ತಿಕ ಅನುಭವದಿಂದಲೂ ದೃಢಪಟ್ಟಿದೆ.)

ಮಾಂತ್ರಿಕ ಶಾಲೆಯ ಅಧ್ಯಾಯವನ್ನು ಚಿಕ್ಕದಾಗಿ ಮುಗಿಸಬಹುದು. ಪರದೇಶದಲ್ಲಿ ಪೊರಕೆ ಏರಿ ಹಾರುವುದನ್ನು ಕಲಿಸುತ್ತಾರೆ. ನಮ್ಮ ಮಲೆ ಮಹದೇಶ್ವರ, ಅಂದರೆ ಮಾದಪ್ಪನಿಗೆ ನಂಜನಗೂಡು ತಾಲ್ಲೂಕಿನದೇ ಆದ ಸುತ್ತೂರು ಮಠದಲ್ಲಿ ಸಿಕ್ಕ ಪಾಠ ರಾಗಿ ಬೀಸುವುದು ಎಂದು ಕಂಸಾಳೆಯವರು ಹಾಡುತ್ತಾರೆ. ಮುಂದೆ ಆತ ಹುಲಿ ಏರಿ 77 ಮಲೆ ಆಳಿದ್ದನ್ನು ಗಮನಿಸಿದರೆ ರಾಗಿಕಲ್ಲಿನ ಪಠ್ಯಕ್ರಮ ಕಳಪೆಯೆನ್ನಲು ಆಧಾರವಿಲ್ಲ.

ತ್ರಿಕೋನ ಪ್ರೇಮವಿಲ್ಲದೆ ಹದಿಹರೆಯದ ಪುಸ್ತಕ ಮಾರಾಟವಾಗದು. ನಂಜನಗೂಡಿನ ನಂಜುಂಡ, ಬೆಟ್ಟದ ಚಾಮುಂಡಿ, ಇವರಿಬ್ಬರ ಜನಪದ ಪ್ರಣಯವನ್ನು ಆಯ್ದುಕೊಂಡೆವು. ಆದರೆ ನಂಜುಂಡನಿಗೆ ಮನೆಯಲ್ಲಿ ಮೊದಲೇ ಮದುವೆಯಾಗಿದೆ. ಕಪಿಲೆಯ ದಂಡೆಯಲ್ಲಿ ಸವತಿಯರ ಜಗಳ ಮೇರೆ ಮೀರುತ್ತದೆ. ಬೈಗುಳಗಳ ಪಟ್ಟಿ ನೋಡಿ, ಈ ಭಾಗ ಹದಿನೆಂಟು ದಾಟಿದವರಿಗೆ, ಅದರಲ್ಲೂ ಸಂಸಾರಸ್ಥರಿಗೆ ಮಾತ್ರ ಎಂದು ನಿರ್ಧರಿಸಲಾಯಿತು.

ಸಂಪುಟ ವಿಭಜನೆಯ ಪ್ರಶ್ನೆಯೂ ಉಂಟು. ಕಲ್ಯಾಣದ ಸಾಲು, ಹಲಗೂರು ಸಾಲು, ಸಂಕಮ್ಮನ ಸಾಲು ಎಂದು ಈ ಕಾವ್ಯಗಳು ಮೊದಲೇ ಸಂಪುಟಗಳಾಗಿವೆ. ಓದುಗರ ಸಮಾವೇಶವೂ ಇದೆ: ಸಿದ್ದಪ್ಪಾಜಿಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಶುರುವಾಗುವ ಐದು ದಿನದ ಜಾತ್ರೆ, ಅಲ್ಲಿ ಅಭಿಮಾನಿಗಳು ಬಿಡಾರ ಹೂಡಿ ಅಡುಗೆ ಮಾಡಿಕೊಂಡೇ ಉಳಿಯುತ್ತಾರೆ. ಲೇಖಕರ ಹಸ್ತಾಕ್ಷರ ಬೇಕೆಂದು ಯಾರೂ ಸಾಲು ನಿಲ್ಲುವುದಿಲ್ಲ, ಲೇಖಕರೇ ಇಲ್ಲವಲ್ಲ. ಹಕ್ಕುಸ್ವಾಮ್ಯದ ಅಧ್ಯಾಯ ಈ ಕಾರಣದಿಂದ ಖಾಲಿ ಹಾಳೆಗಳಲ್ಲಿದೆ. ಲೇಖಕರಿರುವ ಉದಾಹರಣೆಗಾಗಿ ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ತೆಗೆದೆವು. ಅದರಲ್ಲಿ ದೀಪಗಳು ಜೋತಮ್ಮಗಳಾಗಿ ರಾತ್ರಿ ಸೇರಿ ಮಾತಾಡುತ್ತವೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಇಷ್ಟೆಲ್ಲ ಅನುಕೂಲವಿದ್ದೂ ಎರಡನೆಯ ಭಾಗ ಬರೆಯದಿರುವುದು ಮಾಲಿಕಾಶಾಸ್ತ್ರದ ದೃಷ್ಟಿಯಿಂದ ಅಕ್ಷಮ್ಯ.

ಕ್ಷೇತ್ರಕಾರ್ಯದ ವೇಳೆ ಹಿರಿಯ ಹಾಡುಗಾರರೊಬ್ಬರನ್ನು ಟೀ ಅಂಗಡಿಯ ಬಳಿ ತಡೆದು, ನಿಮ್ಮ ಕಾವ್ಯ ಯಾವ ವಯಸ್ಸಿನ ಓದುಗ ವರ್ಗಕ್ಕೆ ಎಂದು ಪ್ರಶ್ನಾವಳಿ ಹಿಡಿದೆವು.

“ವಯಸ್ಸಾ? ಎದ್ದಿರೋರ್ಗೆ ಕನ ಸಾ.”

“ಪಾತ್ರದ ಬೆಳವಣಿಗೆ ಹೇಗೆ ಸಾಧಿಸುತ್ತೀರಿ?”

“ಅದೇನು ಸಾ, ನಾನಾ ಬೆಳ್ಸೋನು? ಹೊತ್ತು ಮೂಡೋಗಂಟ ಹಾಡ್ತೀವಿ. ಟೀ ನಿಮ್ದೇ ಅಲ್ವಾ?”

ಪ್ರಶ್ನಾವಳಿಯ ಉಳಿದ ಕಲಮುಗಳು ಭರ್ತಿಯಾಗಲಿಲ್ಲ. ಟೀಯ ಬಾಬ್ತು ಮಾತ್ರ ಖರ್ಚಿನ ಲೆಕ್ಕದಲ್ಲಿ ಸೇರಿದೆ.

ಕಡೆಗೆ ಶಾಸ್ತ್ರಾನುಸಾರ ಮೊದಲ ಸಂಪುಟವನ್ನು ಬರೆದು ಪ್ರಕಾಶಕರೊಬ್ಬರಿಗೆ ಕಳಿಸಲಾಯಿತು. ಉತ್ತರ ಬೇಗ ಬಂತು. ಹುಲಿ ಹಳತಾಯಿತು, ಡ್ರ್ಯಾಗನ್ ಮಾಡಿ. ಕಬ್ಬಿಣದ ಬದಲು ನೀಲಿ ಹರಳಿಡಿ. ಗುರುವಿಗೆ ದಯಮಾಡಿ ಸ್ನಾನ ಮಾಡಿಸಿ, ಗಡ್ಡ ಬಿಡಿಸಿ, ಒಳ್ಳೆಯ ನಿಲುವಂಗಿ ತೊಡಿಸಿ ಕರೆತನ್ನಿ. ಈ ಸ್ಥಿತಿಯಲ್ಲಿ ಒಳಗೆ ಬಿಡಲಾಗದು. ಹುಲಿ, ಹರಳುಗಳ ಬಗ್ಗೆ ಚೌಕಾಸಿ ಸಾಧ್ಯವಿದೆ. ಮೂರನೆಯ ಆಕ್ಷೇಪವನ್ನು ಕಲ್ಯಾಣದ ಬಾಗಿಲು ಕಾಯುತ್ತಿದ್ದವರೂ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಎತ್ತಿದ್ದರು. ಅವರ ಗತಿ ಏನಾಯಿತೆಂಬುದನ್ನು ಅನುಬಂಧದಲ್ಲಿ ಚರ್ಚಿಸಲಾಗಿದೆ. ಅನುಬಂಧ ಎರಡನೆಯ ಸಂಪುಟದಲ್ಲಿದೆ.